ಹಳೆಯ ನೌಕೆ, ಹೊಸ ನಾವಿಕರು

೨೦೦೯ನೆಯ ಇಸವಿಯ ಏಪ್ರಿಲ್ ೬ರಂದು ಅಮೆರಿಕದ ಟೆಕ್ಸಾಸ್ ಸಂಸ್ಥಾನದ ಆಸ್ಟಿನ್ ನಗರದಲ್ಲಿ, ಚಿತ್ರಮಂದಿರವೊಂದರಲ್ಲಿ ‘ಸ್ಟಾರ್ ಟ್ರೆಕ್’ ಅಭಿಮಾನಿಗಳು ನೆರೆದಿದ್ದರು. ೧೯೮೨ರ ‘ದಿ ರಾತ್ ಆಫ್ ಖಾನ್’ ಎಂಬ ಹಳೆಯ ಚಿತ್ರವನ್ನು ಮತ್ತೊಮ್ಮೆ ನೋಡುವುದು, ಅದರೊಡನೆ ಅದೇ ಮಾಲೆಯ ಹೊಸ ಚಿತ್ರದ ಹತ್ತು ನಿಮಿಷದ ತುಣುಕೊಂದನ್ನು ಕಾಣುವುದು, ಇಷ್ಟೇ ಅವರ ನಿರೀಕ್ಷೆಯಾಗಿತ್ತು. ಪ್ರದರ್ಶನ ಆರಂಭವಾಗಿ ತುಸು ಹೊತ್ತಿನಲ್ಲಿಯೇ ಸುರುಳಿ ಸುಟ್ಟುಹೋದಂತೆ ಕಂಡು ಚಿತ್ರ ನಿಂತಿತು. ಜನ ಗೊಣಗುತ್ತಿರುವಾಗ ತೆರೆಯ ಮುಂದೆ ಬಂದು ನಿಂತವರು ಬೇರಾರೂ ಅಲ್ಲ. ನಾಲ್ವತ್ತು ವರ್ಷಗಳಿಂದ ‘ಸ್ಪಾಕ್’ ಎಂಬ ಪಾತ್ರಕ್ಕೆ ಜೀವ ತುಂಬಿದ ನಟ ಲೆನಾರ್ಡ್ ನಿಮೋಯ್! ಹಳೆಯದರ ಬದಲು ಹೊಸ ಚಿತ್ರವನ್ನೇ ಪೂರ್ತಿಯಾಗಿ ನೋಡಬಾರದೇ ಎಂದು ಅವರು ಕೇಳಿದಾಗ ಮಂದಿರವೆಲ್ಲ ಹರ್ಷೋದ್ಗಾರದಿಂದ ತುಂಬಿಹೋಯಿತು.

ಇದು ಪೂರ್ವಯೋಜಿತವಾದ ನಾಟಕವೇ ಸರಿ. ಆದರೆ ಚಿತ್ರ ನಿರ್ಮಾಪಕರು ಇಂಥದೊಂದು ನಾಟಕವನ್ನು ಏಕೆ ಹೂಡಬೇಕಾಯಿತು? ಜಗತ್ತಿನ ಪ್ರೇಕ್ಷಕರೆಲ್ಲರಿಗಿಂತ ಮುಂಚೆ ಈ ಒಂದು ಗುಂಪಿನ ಮನಸ್ಸನ್ನು ಗೆಲ್ಲಬೇಕೆಂಬ ಆತುರ ಅವರಿಗೇಕೆ? ಇದನ್ನು ತಿಳಿಯಬೇಕಾದರೆ ಕೊಂಚ ಹಿಂದಿನ ಕಥೆಯನ್ನು ನೋಡಬೇಕು.

ಪತ್ರಗಳು ಉಳಿಸಿದ ಕಥೆ

ಜೀನ್ ರಾಡನ್‌ಬರಿ ಎಂಬಾತ ಕಲ್ಪಿಸಿದ ‘ಸ್ಟಾರ್ ಟ್ರೆಕ್’ ೧೯೬೬ರ ಸೆಪ್ಟೆಂಬರ್ ೮ರಂದು ಅಮೆರಿಕದ ಎನ್‌ಬಿಸಿ ದೂರದರ್ಶನ ಜಾಲದಲ್ಲಿ ಆರಂಭವಾಯಿತು. ಇಪ್ಪತ್ತಮೂರನೆಯ ಶತಮಾನದಲ್ಲಿ ‘ಎಂಟರ್‌ಪ್ರೈಸ್’ ಎಂಬ ವ್ಯೋಮನೌಕೆಯಲ್ಲಿ ಲೋಕಾಂತರಗಳನ್ನು ಸುತ್ತುವ ನಾವಿಕರ ಸಾಹಸಗಳೇ ಅದರ ವಸ್ತು. ನಾಯಕ ಕರ್ಕ್ ಧೈರ್ಯಶಾಲಿ, ದುಡುಕಿನವನು. ಅವನ ಮಿತ್ರ ಸ್ಪಾಕ್‌ನ ತಂದೆ ವಲ್ಕನ್ ಎಂಬ ಗ್ರಹದವನು, ತಾಯಿ ಭೂಲೋಕದವಳು. ಆದುದರಿಂದ ತರ್ಕ ಮತ್ತು ಭಾವಗಳ ನಡುವೆ ಅವನದು ನಿತ್ಯದ ಹೋರಾಟ. ವರ್ಣಭೇದದ ಬೇಗೆಯಲ್ಲಿ ಅಮೆರಿಕ ಬೇಯುತ್ತಿದ್ದ ಆ ದಿನಗಳಲ್ಲಿ ಕರಿಯ ಮಹಿಳೆ, ಜಪಾನೀ ಮೂಲದವನು, ರಷ್ಯನ್ ತರುಣ ಎಲ್ಲರೂ ಒಂದೇ ನೌಕೆಯಲ್ಲಿ ಸಮಾನರಾಗಿ ದುಡಿಯುವುದನ್ನು ಆ ಧಾರಾವಾಹಿ ತೋರಿಸಿತು. ಅನೇಕರು ಅದನ್ನು ಪ್ರೀತಿಸಿದ್ದು ಈ ಆಶಾವಾದಕ್ಕಾಗಿಯೇ.

ಆದರೆ ಪ್ರೀತಿಸಿದವರ ಸಂಖ್ಯೆ ಜಾಲದವರಿಗೆ ಸಾಕೆನಿಸಲಿಲ್ಲ. ಎರಡನೆಯ ವರ್ಷವೇ ಅದು ನಿಲ್ಲುವುದೆಂಬ ಸುದ್ದಿ ಹಬ್ಬಿದಾಗ ಅಭಿಮಾನಿಗಳು ಪತ್ರ ಚಳವಳಿಯನ್ನು ಹೂಡಿದರು. ಲಕ್ಷಕ್ಕೂ ಮಿಕ್ಕಿ ಪತ್ರಗಳು ಬಂದುವೆಂದು ಲೆಕ್ಕ. ಕಡೆಗೆ ೧೯೬೮ರ ಮಾರ್ಚ್ ತಿಂಗಳಲ್ಲಿ, ಧಾರಾವಾಹಿ ಮುಂದುವರಿಯುವುದೆಂದು ಜಾಲದವರೇ ದೂರದರ್ಶನದಲ್ಲಿ ಸಾರಬೇಕಾಯಿತು. ಮರುವರ್ಷ, ಅಂದರೆ ೧೯೬೯ರಲ್ಲಿ, ಎಪ್ಪತ್ತೊಂಬತ್ತು ಕಂತುಗಳ ನಂತರ ಅದು ನಿಂತಿತಾದರೂ ಮರುಪ್ರಸಾರಗಳಲ್ಲಿ ಹೊಸ ಜೀವ ಪಡೆಯಿತು. ೧೯೭೨ರಲ್ಲಿ ನ್ಯೂಯಾರ್ಕಿನಲ್ಲಿ ಅಭಿಮಾನಿಗಳ ದೊಡ್ಡ ಸಮ್ಮೇಳನ ನಡೆಯಿತು. ೧೯೭೬ರಲ್ಲಿ, ಮತ್ತೆ ಪತ್ರಗಳ ಒತ್ತಾಯದಿಂದ, ಅಮೆರಿಕದ ಮೊದಲ ಬಾಹ್ಯಾಕಾಶ ಷಟಲ್ ‘ಎಂಟರ್‌ಪ್ರೈಸ್’ ಎಂಬ ಹೆಸರನ್ನು ಹೊತ್ತಿತು! ೧೯೭೯ರಲ್ಲಿ ಮೊದಲ ಚಲಚ್ಚಿತ್ರ ತೆರೆಕಂಡಿತು. ಮುಂಬಯಿಯಲ್ಲಿ ಹುಟ್ಟಿದ, ‘ಮಿಸ್ ಇಂಡಿಯಾ’ ಕಿರೀಟ ಧರಿಸಿದ್ದ ಪರ್ಸಿಸ್ ಖಂಬಾಟಾ ಅದರಲ್ಲಿ ತಲೆ ಬೋಳಿಸಿಕೊಂಡು ಅನ್ಯಲೋಕದ ಯುವತಿಯಾಗಿ ಅಭಿನಯಿಸಿದ್ದರು.

ಹೀಗೆ ತಾವು ಕೈಹಿಡಿದು ಉಳಿಸಿದ ಕಥೆ ತಮ್ಮದೇ ಎಂದು ಅಭಿಮಾನಿಗಳು ಭಾವಿಸಿದರೆ ಆಶ್ಚರ್ಯವಿಲ್ಲ. ಆದರೆ ೨೦೦೨ರಲ್ಲಿ ಬಂದ ಹತ್ತನೆಯ ಚಿತ್ರ ಸೋತಿತು. ೨೦೦೫ರಲ್ಲಿ ಆಗ ನಡೆಯುತ್ತಿದ್ದ ಧಾರಾವಾಹಿಯೂ ನಿಂತಿತು. ಆಗ ಪ್ಯಾರಮೌಂಟ್ ಸಂಸ್ಥೆ ಹಿಡಿದ ದಾರಿಯೇ ‘ರೀಬೂಟ್’. ನಿಂತ ಗಣಕಯಂತ್ರವನ್ನು ಮೊದಲಿನಿಂದ ಮತ್ತೆ ಚಾಲೂ ಮಾಡುವುದಕ್ಕೆ ಹೇಳುವ ಈ ಮಾತು, ಹಳೆಯ ಕಥೆಯನ್ನು ಹೊಸ ನಟರೊಡನೆ ಮೊದಲಿನಿಂದ ಹೇಳುವುದಕ್ಕೂ ಅನ್ವಯಿಸುತ್ತದೆ.

ಹೊಸ ಚಿತ್ರ, ಹೊಸ ಜಗಳ

ನಿರ್ದೇಶಕ ಜೆ. ಜೆ. ಅಬ್ರಾಮ್ಸ್ ತಾವು ಬಾಲ್ಯದಲ್ಲಿ ‘ಸ್ಟಾರ್ ಟ್ರೆಕ್’ ಅಭಿಮಾನಿಯಾಗಿರಲಿಲ್ಲವೆಂದು ಮುಚ್ಚುಮರೆಯಿಲ್ಲದೆ ಹೇಳಿದವರು. ಅಭಿಮಾನಿಗಳ ಸಂದೇಹಕ್ಕೆ ಇದೇ ಸಾಕಾಯಿತು. ಆದರೆ ಅವರ ಚಿತ್ರಕಥೆಗಾರರು ಒಂದು ಜಾಣತನದ ಉಪಾಯವನ್ನು ಕಂಡುಹಿಡಿದಿದ್ದರು. ಭವಿಷ್ಯದಿಂದ ನೀರೋ ಎಂಬ ಖಳನು ಹಿಂದಿನ ಕಾಲಕ್ಕೆ ಬಂದು ಕರ್ಕ್‌ನ ತಂದೆಯ ಸಾವಿಗೆ ಕಾರಣನಾಗುತ್ತಾನೆ. ಅಲ್ಲಿಂದ ಇತಿಹಾಸವೇ ಕವಲೊಡೆಯುತ್ತದೆ. ಹಳೆಯ ಕಥೆಗಳು ಅಳಿಯುವುದಿಲ್ಲ, ಅವು ಬೇರೊಂದು ಕವಲಿನಲ್ಲಿ ಭದ್ರವಾಗಿರುತ್ತವೆ. ಆ ಹಳೆಯ ಕವಲಿನಿಂದ ಬಂದ ವೃದ್ಧ ಸ್ಪಾಕ್‌ನ ಪಾತ್ರದಲ್ಲಿ ಸ್ವತಃ ನಿಮೋಯ್ ಅಭಿನಯಿಸಿದರು. ಮನೆಯ ಹಿರಿಯರು ಹೊಸ ಮಕ್ಕಳ ತಲೆಯ ಮೇಲೆ ಕೈಯಿಟ್ಟಂತಾಯಿತು.

ಅನೇಕರು ಒಲಿದರು. ಕ್ರಿಸ್ ಪೈನ್‌ರ ಕರ್ಕ್, ಜಕಾರಿ ಕ್ವಿಂಟೋರ ಸ್ಪಾಕ್, ಅದರಲ್ಲಿಯೂ ಹಳೆಯ ನಟನೇ ಮರಳಿ ಬಂದನೇನೋ ಎನ್ನಿಸುವಂತಿದ್ದ ಕಾರ್ಲ್ ಅರ್ಬನ್‌ರ ವೈದ್ಯ ಮೆಕಾಯ್, ಇವೆಲ್ಲ ಮೆಚ್ಚುಗೆ ಪಡೆದುವು. ಚಿತ್ರ ಮೂವತ್ತೆಂಟು ಕೋಟಿ ಡಾಲರಿಗೂ ಮಿಕ್ಕಿ ಗಳಿಸಿತು. ಪ್ರಸಾಧನ ಕಲೆಗಾಗಿ ಈ ಮಾಲೆಗೆ ಮೊಟ್ಟಮೊದಲ ಆಸ್ಕರ್ ಪ್ರಶಸ್ತಿಯನ್ನೂ ತಂದಿತು.

ಒಲಿಯದವರ ದೂರುಗಳು ಎರಡು ಬಗೆಯವು. ಕೆಲವು ಹೊರಮೈಗೆ ಸಂಬಂಧಿಸಿದವು: ತೆರೆಯ ಮೇಲೆ ಪದೇಪದೇ ಕಣ್ಣು ಕೋರೈಸುವ ಬೆಳಕಿನ ಗೆರೆಗಳೇಕೆ? ನೌಕೆಯ ಯಂತ್ರಾಗಾರವನ್ನು ಬಿಯರ್ ಕಾರ್ಖಾನೆಯೊಂದರಲ್ಲಿ ಚಿತ್ರಿಸಬಹುದೇ? ಇನ್ನು ಕೆಲವು ಒಡಲಿಗೆ ಸಂಬಂಧಿಸಿದವು. ವಲ್ಕನ್ ಗ್ರಹವನ್ನು ಒಂದೇ ಏಟಿಗೆ ನಾಶಮಾಡಿದುದು ಹಲವರಿಗೆ ಸಂಕಟವಾಯಿತು. ಕಥೆಯಲ್ಲಿ ಓಟ ಹೊಡೆದಾಟಗಳು ಹೆಚ್ಚಿ, ನ್ಯಾಯಾನ್ಯಾಯಗಳ ಜಿಜ್ಞಾಸೆ ಕಡಿಮೆಯಾಯಿತೆಂಬುದು ಎಲ್ಲಕ್ಕಿಂತ ದೊಡ್ಡ ಆಕ್ಷೇಪ. ಚಿತ್ರ ಮನರಂಜಕವಾಗಿದೆ ಎಂಬುದಕ್ಕೇ ಅಭಿಮಾನಿಗಳು ಸಿಟ್ಟಾಗಿದ್ದಾರೆಂದು ‘ದಿ ಆನಿಯನ್’ ಎಂಬ ವಿಡಂಬನ ಪತ್ರಿಕೆ ಚುಚ್ಚಿತು.

ಖಾನ್ ತಂದ ಮುನಿಸು

೨೦೧೩ರಲ್ಲಿ ಬಂದ ‘ಇನ್‌ಟು ಡಾರ್ಕ್‌ನೆಸ್’ ಈ ಮುನಿಸನ್ನು ಕಿಡಿಯಿಂದ ಬೆಂಕಿಯಾಗಿಸಿತು. ಖಳನಾಗಿ ಹಳೆಯ ಖಾನ್‌ನೇ ಮರಳುವನೆಂದು ಜನ ಊಹಿಸಿದ್ದರು. ಚಿತ್ರದವರು ಬಿಡುಗಡೆಯವರೆಗೂ ಆ ಗುಟ್ಟನ್ನು ಬಿಟ್ಟುಕೊಡಲಿಲ್ಲ. ತೆರೆಯ ಮೇಲೆ ಖಾನ್ ಕಾಣಿಸಿಕೊಂಡಾಗ ಬೆರಗಿಗಿಂತ ಬೇಸರವೇ ಹೆಚ್ಚಾಯಿತು. ಮೊದಲೇ ಹೇಳಿದ್ದರೆ ಚೆನ್ನಾಗಿತ್ತೆಂದು ಅಬ್ರಾಮ್ಸ್ ಅವರೂ ಆ ಮೇಲೆ ಒಪ್ಪಿಕೊಂಡರು.

ಇಲ್ಲಿ ನಮಗೂ ಸಂಬಂಧಪಟ್ಟ ಮಾತೊಂದಿದೆ. ಖಾನ್ ನೂನಿಯನ್ ಸಿಂಗ್ ಎಂಬ ಈ ಪಾತ್ರ ೧೯೬೭ರ ಕಂತೊಂದರಲ್ಲಿ ಮೊದಲು ಬಂದಾಗ, ಅವನು ಉತ್ತರ ಭಾರತದವನು, ಬಹುಶಃ ಸಿಖ್ಖನು ಎಂದು ಕಥೆಯಲ್ಲಿಯೇ ಹೇಳಲಾಗಿತ್ತು. ಆಗ ಅದನ್ನು ಅಭಿನಯಿಸಿದವರು ಮೆಕ್ಸಿಕೋದ ರಿಕಾರ್ಡೋ ಮೊಂಟಲ್ಬಾನ್. ೨೦೧೩ರಲ್ಲಿ ಅದೇ ಪಾತ್ರಕ್ಕೆ ಇಂಗ್ಲೆಂಡಿನ ಬೆನೆಡಿಕ್ಟ್ ಕಂಬರ್‌ಬ್ಯಾಚ್ ಬಂದರು. ನಟನ ಸಾಮರ್ಥ್ಯದ ಬಗ್ಗೆ ಯಾರಿಗೂ ಎರಡು ಮಾತಿಲ್ಲ; ಆದರೆ ಸರ್ವಜನಾಂಗಗಳಿಗೂ ಎಡೆಯಿತ್ತ ನೌಕೆಯಲ್ಲಿ ಇಂಥ ಪಾತ್ರಕ್ಕೆ ಭಾರತೀಯ ಮೂಲದ ನಟನೊಬ್ಬ ಸಿಕ್ಕಲಿಲ್ಲವೇ ಎಂದು ಅಭಿಮಾನಿಗಳೇ ಕೇಳಿದರು. ೧೯೮೨ರ ಚಿತ್ರದಲ್ಲಿ ಸ್ಪಾಕ್ ಸಾಯುವ ಹೃದಯಸ್ಪರ್ಶಿ ದೃಶ್ಯವನ್ನು ಇಲ್ಲಿ ತಿರುವುಮುರುವಾಗಿಸಿ, ಕರ್ಕ್‌ನನ್ನು ಸಾಯಿಸಿ ಮರಳಿ ಬದುಕಿಸಿದುದು ಅನೇಕರಿಗೆ ಅಣಕದಂತೆ ತೋರಿತು. ಆ ವರ್ಷದ ಆಗಸ್ಟಿನಲ್ಲಿ ಲಾಸ್ ವೇಗಸ್ ಸಮ್ಮೇಳನದಲ್ಲಿ ನೆರೆದವರು ಮಾಲೆಯ ಚಿತ್ರಗಳಿಗೆ ಶ್ರೇಣಿ ಕಟ್ಟಿದಾಗ ಇದಕ್ಕೆ ಕಟ್ಟಕಡೆಯ ಸ್ಥಾನ ದೊರೆಯಿತು. ವಿಚಿತ್ರವೆಂದರೆ ಮಾಲೆಯಲ್ಲೆಲ್ಲ ಅತ್ಯಧಿಕ ಹಣ, ಸುಮಾರು ನಾಲ್ವತ್ತೇಳು ಕೋಟಿ ಡಾಲರು, ಗಳಿಸಿದ ಚಿತ್ರವೂ ಇದೇ!

೨೦೧೬ರ ಮೂರನೆಯ ಚಿತ್ರ ‘ಬಿಯಾಂಡ್’ ಹಳೆಯ ಧಾರಾವಾಹಿಯ ಸ್ವಭಾವಕ್ಕೆ ಹತ್ತಿರವೆಂದು ಬಹುಮಂದಿ ಅಭಿಮಾನಿಗಳು ಮೆಚ್ಚಿದರು. ಆದರೆ ಗಳಿಕೆ ಮೂವತ್ತನಾಲ್ಕು ಕೋಟಿಗೆ ಇಳಿಯಿತು. ಹಿಂದಿನ ವರ್ಷವಷ್ಟೇ ತೀರಿಕೊಂಡಿದ್ದ ನಿಮೋಯ್ ಅವರಿಗೆ ಚಿತ್ರದಲ್ಲಿ ಸಲ್ಲಿಸಿದ ಗೌರವ ಹಲವರ ಕಣ್ಣನ್ನು ತೇವಗೊಳಿಸಿತು.

ಕಥೆ ಯಾರದು?

ಈ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ‘ಆಕ್ಸನಾರ್’ ಎಂಬ ಚಿತ್ರವನ್ನು ತಾವೇ ತಯಾರಿಸಲು ಅಭಿಮಾನಿಗಳು ಹತ್ತು ಲಕ್ಷ ಡಾಲರಿಗೂ ಹೆಚ್ಚು ವಂತಿಗೆ ಕೂಡಿಸಿದಾಗ, ೨೦೧೫ರ ಕೊನೆಯಲ್ಲಿ ಪ್ಯಾರಮೌಂಟ್ ಮತ್ತು ಸಿಬಿಎಸ್ ಸಂಸ್ಥೆಗಳು ಅದರ ಮೇಲೆ ದಾವೆ ಹೂಡಿದುವು. ಅದು ೨೦೧೭ರಲ್ಲಿ ರಾಜಿಯಲ್ಲಿ ಮುಗಿಯಿತು. ಅಷ್ಟರೊಳಗೆ ಅಭಿಮಾನಿಗಳ ಚಿತ್ರ ಹದಿನೈದು ನಿಮಿಷ ಮೀರಬಾರದು, ಎರಡು ಭಾಗವಾದರೆ ಮೂವತ್ತು ನಿಮಿಷ ದಾಟಬಾರದು ಎಂಬ ನಿಯಮಗಳು ಹೊರಟಿದ್ದುವು. ಕಾನೂನಿನ ದೃಷ್ಟಿಯಲ್ಲಿ ಒಡೆತನ ಸಂಸ್ಥೆಯದು; ಅದರಲ್ಲಿ ಸಂಶಯವಿಲ್ಲ. ಆದರೆ ಅಂದು ಲಕ್ಷ ಪತ್ರಗಳು ಬಾರದೆ ಹೋಗಿದ್ದರೆ ಒಡೆತನ ಸ್ಥಾಪಿಸಲು ಇಂದು ಎಷ್ಟು ಉಳಿಯುತ್ತಿತ್ತು ಎಂಬುದೂ ಯೋಚಿಸತಕ್ಕ ಮಾತೇ.

ಹಾಗೆಂದು ಅಭಿಮಾನಿಗಳ ಮಾತೇ ವೇದವಾಕ್ಯವಲ್ಲ. ಹೊಸಬರು ಬಾರದ ಕಥೆ ಹಳಬರೊಡನೆಯೇ ಮುಗಿಯುತ್ತದೆ. ೨೦೦೯ರ ಚಿತ್ರವನ್ನು ಕಂಡು ಹಳೆಯ ಕಂತುಗಳನ್ನು ಹುಡುಕಿಕೊಂಡು ಹೋದ ತರುಣರೂ ಉಂಟು. ಕಥೆಯನ್ನು ಹೊಸದಾಗಿ ಹೇಳುವವನು ಉಡುಗೆ, ಮುಖ, ಘಟನೆಗಳನ್ನು ಬದಲಿಸಿದರೆ ಪ್ರೇಕ್ಷಕನು ಗೊಣಗಿಕೊಂಡಾದರೂ ಒಪ್ಪುತ್ತಾನೆ. ಆ ಕಥೆಯನ್ನು ತಾನೇಕೆ ಪ್ರೀತಿಸಿದೆನೋ ಆ ಕಾರಣವನ್ನೇ ತೆಗೆದುಹಾಕಿದಾಗ ಮಾತ್ರ ಅವನು ಕ್ಷಮಿಸಲಾರ. ಎಂಟರ್‌ಪ್ರೈಸ್ ನೌಕೆಯ ಅಭಿಮಾನಿಗಳು ಇಷ್ಟು ವರ್ಷಗಳ ಕಾಲ ಜಗಳವಾಡಿದ್ದು ಬೆಳಕಿನ ಗೆರೆಗಳಿಗಾಗಿ ಅಲ್ಲ; ಮನುಷ್ಯಕುಲದ ನಾಳೆ ಇಂದಿಗಿಂತ ಒಳ್ಳೆಯದಾದೀತೆಂಬ ಆ ಹಳೆಯ ಭರವಸೆಗಾಗಿ.