ಪಾಲುಪಟ್ಟಿಯಲ್ಲಿ ಒಂದು ವರಹ

ಬಸ್ರೂರಿನ ಸಮೀಪದ ಕಕ್ಷಿದಾರರೊಬ್ಬರ ಕುಟುಂಬದ ಪಾಲುಪಟ್ಟಿಯನ್ನು ಸಿದ್ಧಪಡಿಸುತ್ತಿದ್ದಾಗ ದೇವರ ಪೆಟ್ಟಿಗೆಯಿಂದ ಚಿಕ್ಕದೊಂದು ಚಿನ್ನದ ನಾಣ್ಯ ಹೊರಬಂತು. ಮೂವರು ಸಹೋದರರಲ್ಲಿ ಹಿರಿಯರು ಅದನ್ನು ಒಡವೆಗಳೊಂದಿಗೆ ತೂಗಿಸಿ, 3.4 ಗ್ರಾಂ ಎಂದು ಬರೆಯಿಸಿ, ಅಂದಿನ ಚಿನ್ನದ ಧಾರಣೆಯಲ್ಲಿ ಬೆಲೆ ಕಟ್ಟಿದ್ದರು. ವಿಜಯನಗರದ ನಾಣ್ಯ, ಲಕ್ಷಗಟ್ಟಲೆ ಬಾಳುತ್ತದೆ ಎಂದು ಕಿರಿಯವರಿಗೆ ಯಾರೋ ಹೇಳಿದ್ದರು. ಈ ಒಂದು ನಾಣ್ಯಕ್ಕಾಗಿ ಸಹಿಯು ಎರಡು ತಿಂಗಳು ಮುಂದೆ ಹೋಯಿತು. ಇಬ್ಬರ ಎಣಿಕೆಯೂ ಸರಿಯಾಗಿರಲಿಲ್ಲ.

ನಾಣ್ಯದ ಮುಖಭಾಗದಲ್ಲಿ ಕುಳಿತ ಶಿವಪಾರ್ವತಿಯರು. ತೊಡಕು ಇರುವುದೇ ಇಲ್ಲಿ. ಇದೇ ಮುಖದ ವರಹಗಳನ್ನು ವಿಜಯನಗರದ ಅರಸರು, ಕೆಳದಿಯ ನಾಯಕರು ಮತ್ತು ಹೈದರಾಲಿ ಮೂವರೂ ಹೊರಡಿಸಿದ್ದಾರೆ. ತೂಕವೂ ಹೆಚ್ಚುಕಡಿಮೆ ಒಂದೇ. ಆದುದರಿಂದ ಹಿಂಬದಿಯನ್ನು ನೋಡಿಯೇ ತೀರ್ಮಾನಿಸಬೇಕು. ನಾಗರಿ ಲಿಪಿಯ ಮೂರು ಸಾಲುಗಳಲ್ಲಿ 'ಶ್ರೀ ಪ್ರತಾಪ ಹರಿಹರ' ಎಂದಿದ್ದರೆ ವಿಜಯನಗರ. 'ಶ್ರೀ ಸದಾಶಿವ' ಎಂದಿದ್ದರೆ ಇಕ್ಕೇರಿ ವರಹ. ಚುಕ್ಕೆಗಳ ನಡುವೆ ಪರ್ಷಿಯನ್ ಲಿಪಿಯ 'ಹೇ' ಅಕ್ಷರ ಒಂದೇ ಇದ್ದರೆ, 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿಯದು. ನಮ್ಮದರಲ್ಲಿ ಇದ್ದುದು 'ಶ್ರೀ ಸದಾಶಿವ'. ಸದಾಶಿವ ನಾಯಕನ ಬಳಿಕವೂ ಅವನ ಹೆಸರಿನಲ್ಲೇ ಟಂಕಿಸುತ್ತಿದ್ದುದರಿಂದ ಇಂಥದೇ ಅರಸನ ಕಾಲದ್ದೆಂದು ಹೇಳಲಾಗದು. ಇದು ಅಪರೂಪಗಳಲ್ಲಿ ಅಪರೂಪವೂ ಅಲ್ಲ. ಬಾರಕೂರನ್ನು ರಾಜಧಾನಿಯಾಗಿಸಿಕೊಂಡಿದ್ದ ಆಳುಪರ ಜೋಡಿ ಮೀನಿನ ಚಿನ್ನದ ನಾಣ್ಯವಾಗಿದ್ದರೆ ಮಾತೇ ಬೇರೆ ಇರುತ್ತಿತ್ತು.

ಇನ್ನು ದರ್ಜೆ. ವ್ಯಾಪಾರಿಗಳು ಫೈನ್, ವೆರಿ ಫೈನ್, ಎಕ್ಸ್‌ಟ್ರೀಮ್ಲಿ ಫೈನ್, ಅನ್‌ಸರ್ಕ್ಯುಲೇಟೆಡ್ ಎಂದು ಏರುಕ್ರಮದಲ್ಲಿ ಹೆಸರಿಸುತ್ತಾರೆ. ಕೈಯಿಂದ ಬಡಿದು ಟಂಕಿಸಿದ ವರಹದಲ್ಲಿ ಅಚ್ಚು ಬಿಲ್ಲೆಗಿಂತ ದೊಡ್ಡದಿರುವುದುಂಟು. ಒಂದೆರಡು ಅಕ್ಷರ ಹೊರಗೆ ಉಳಿದರೆ ಅದು ಸವೆತವಲ್ಲ. ಅಚ್ಚು ಸರಿಯಾಗಿ ಬೀಳದ ಜಾಗ ಒರಟಾಗಿಯೇ ಇರುತ್ತದೆ. ಸವೆದ ಜಾಗ, ಅಂದರೆ ಮೊಣಕಾಲು, ಮುಖಗಳಂಥ ಉಬ್ಬಿದ ಭಾಗ, ಚಪ್ಪಟೆಯಾಗಿ ಮಿನುಗುತ್ತದೆ. ನಮ್ಮ ನಾಣ್ಯದ ಎರಡೂ ಮುಖಗಳು ಮಿನುಗುತ್ತಿದ್ದವು. ವಿಚಾರಿಸಿದಾಗ ಪ್ರತಿ ದೀಪಾವಳಿಗೂ ಅಂಟುವಾಳದ ನೊರೆಯಲ್ಲಿ ಉಜ್ಜಿ ತೊಳೆಯುವ ಪದ್ಧತಿಯಿದೆಯೆಂದು ತಿಳಿಯಿತು! ಭಕ್ತಿಯಿಂದ ಮಾಡಿದ್ದೇ ಆದರೂ ದರ್ಜೆ ಇಳಿಯಿತು. ಸರಕ್ಕೆ ಪೋಣಿಸಲೆಂದು ಕೊಂಡಿ ಬೆಸೆದ ನಾಣ್ಯಗಳ ಗತಿಯೂ ಇದೇ.

ಅಸಲಿಯೇ ಎಂಬ ಪ್ರಶ್ನೆ ಉಳಿದಿತ್ತು. ಎರಕ ಹೊಯ್ದ ನಕಲಿಯಲ್ಲಿ ಅಂಚಿನ ಸುತ್ತ ಬೆಸುಗೆಯಂಥ ಗೆರೆ, ಮೇಲ್ಮೈಯಲ್ಲಿ ಸೂಜಿಮೊನೆಯಷ್ಟು ರಂಧ್ರಗಳು ಕಾಣಬಹುದು. ಚಿನ್ನದ ಶುದ್ಧತೆ ತಿಳಿಯಲು ಒರೆಗಲ್ಲಿಗೆ ತಿಕ್ಕಿಸಬಾರದು; ಹಾಲ್‌ಮಾರ್ಕ್ ಕೇಂದ್ರದ ಎಕ್ಸ್‌ರೇ ಯಂತ್ರದಲ್ಲಿ ನಾಣ್ಯಕ್ಕೆ ಗಾಯವಾಗದೆ ಫಲಿತಾಂಶ ದೊರೆಯುತ್ತದೆ. ಹಾಗೆಯೇ ಮಾಡಿಸಿದೆವು. ಅಂದಹಾಗೆ, ರಾಮ ಅಥವಾ ಹನುಮಂತನ ಚಿತ್ರವಿರುವ, 1818ರ ಈಸ್ಟ್ ಇಂಡಿಯಾ ಕಂಪೆನಿಯ ಅರ್ಧ ಆಣೆಯೆಂದು ತೋರಿಸುವ ಬಿಲ್ಲೆಗಳಿಗೆ ಮಾರುಹೋಗದಿರಿ. ಕಂಪೆನಿ ಅಂಥ ನಾಣ್ಯವನ್ನು ಹೊರಡಿಸಿಯೇ ಇಲ್ಲ. ಹಳೆಯ ನಾಣ್ಯ ಕೊಳ್ಳುತ್ತೇವೆಂದು ತನ್ನ ಹೆಸರಿನಲ್ಲಿ ಶುಲ್ಕ ಕೇಳುವವರ ಬಗ್ಗೆ ರಿಸರ್ವ್ ಬ್ಯಾಂಕು 2021ರಲ್ಲಿ ಎಚ್ಚರಿಕೆ ನೀಡಿದೆ.

ಪೂಜೆಗಿಟ್ಟ ವಸ್ತು ಸ್ವಂತ ಬಳಕೆಯದು, ಮಾರಿದರೂ ತೆರಿಗೆಯಿಲ್ಲ ಎಂಬುದು ಹಿರಿಯರ ವಾದ. ಹೇಮಂತ ಸಿಂಗ್‌ಜಿ ಪ್ರಕರಣದಲ್ಲಿ 1976ರಲ್ಲಿ ಸರ್ವೋಚ್ಚ ನ್ಯಾಯಾಲಯ ಇದೇ ವಾದವನ್ನು ತಳ್ಳಿಹಾಕಿತು: ಪೂಜೆಗೆ ಬಳಸುತ್ತಿದ್ದ ಬೆಳ್ಳಿ ನಾಣ್ಯ ಮತ್ತು ಚಿನ್ನದ ಸವರನ್‌ಗಳು ಸ್ವಂತ ಬಳಕೆಯ ವಸ್ತುಗಳಲ್ಲ. ಅವಿಭಕ್ತ ಕುಟುಂಬದ ಪಾಲಿನಿಂದ ಬಂದಾಗ ತೆರಿಗೆಯಿಲ್ಲ. ಮಾರಿದಾಗ ಬಂಡವಾಳ ಲಾಭ. 2001ರ ಏಪ್ರಿಲ್ 1ರ ಮಾರುಕಟ್ಟೆ ಬೆಲೆಯನ್ನು ವೆಚ್ಚವಾಗಿ ಆರಿಸಿಕೊಳ್ಳಬಹುದಾದುದರಿಂದ ಮೌಲ್ಯಮಾಪಕರ ವರದಿ ಬೇಕಾಗುತ್ತದೆ. ಮಧ್ಯದವರು ದುಬೈಯಲ್ಲಿರುವ ಮಗನ ಕೈಯಲ್ಲಿ ಅಲ್ಲಿಗೆ ಕಳುಹಿಸೋಣ ಎಂದರು. ನೂರು ವರ್ಷ ದಾಟಿದ ನಾಣ್ಯವನ್ನು ಖಾಸಗಿಯವರು ದೇಶದ ಹೊರಗೆ ಒಯ್ಯುವಂತಿಲ್ಲ. 1972ರ ಪ್ರಾಚ್ಯವಸ್ತು ಕಾಯಿದೆ ಅದನ್ನು ನಿಷೇಧಿಸಿದೆ.

ಕೊನೆಗೆ ಎರಡೂ ಬದಿಗಳ ಛಾಯಾಚಿತ್ರ, ತೂಕ, ಶುದ್ಧತೆಗಳೊಂದಿಗೆ ನಾಣ್ಯವನ್ನು ಒಡವೆಗಳಿಂದ ಬೇರ್ಪಡಿಸಿ, ಪಾಲುಪಟ್ಟಿಯಲ್ಲಿ ಪ್ರತ್ಯೇಕವಾಗಿ ನಮೂದಿಸಿದೆವು. ಚಿನ್ನದ ಬೆಲೆಗಿಂತ ಸ್ವಲ್ಪ ಹೆಚ್ಚಿನ ಮೊತ್ತಕ್ಕೆ ಕಿರಿಯವರು ತಮ್ಮ ಪಾಲಿಗೆ ಹಾಕಿಕೊಂಡರು. ಇನ್ನು ಮುಂದೆ ಅದನ್ನು ತೊಳೆಯಬಾರದೆಂದು ಅವರ ಅತ್ತಿಗೆಯವರಿಗೆ ಹೇಳುವ ಕೆಲಸ ಮಾತ್ರ ನನ್ನ ಪಾಲಿಗೆ ಬಂತು.