ಕೆಂಪುನರಿ ಮತ್ತು ಹಾವಸೆ: ಹೆಸರಿನ ಹಿನ್ನೆಲೆಯಲ್ಲಿ ಒಂದು ತೌಲನಿಕ ಟಿಪ್ಪಣಿ

ದುರ್ಗಸಿಂಹನ ‘ಪಂಚತಂತ್ರ’ದ ಕರಟಕ-ದಮನಕರನ್ನು ನಾವು ನರಿಗಳೆನ್ನುತ್ತೇವೆ. ಅವು ಸಂಸ್ಕೃತದ ಶೃಗಾಲಗಳು. ತೋಳಕ್ಕೆ ಹತ್ತಿರದ ಬಂಧುಗಳು. ಇವುಗಳಿಗಿಂತ ಚಿಕ್ಕದಾದ, ಬಾಲದ ತುದಿ ಕಪ್ಪಾದ ವಲ್ಪೆಸ್ ಬೆಂಗಾಲೆನ್ಸಿಸ್ ಬೇರೆಯೇ ಪ್ರಾಣಿ. ಇದಕ್ಕೆ ಕೆಂಪುನರಿ, ಚಂದಕನರಿ ಎಂಬ ಹೆಸರುಗಳಿದ್ದರೂ ನಮ್ಮ ಬರೆಹದಲ್ಲಿ ಸಾಮಾನ್ಯವಾಗಿ ಎರಡೂ ‘ನರಿ’ಯೇ. ಗುಜರಾತಿಯಲ್ಲಾದರೋ ಭೇದ ಸ್ಪಷ್ಟ: ಮೊದಲನೆಯದು ಶಿಯಾಳ, ಎರಡನೆಯದು ಲೋಂಕಡಿ. ಆದರೆ ಗುಜರಾತಿಯ ‘ಶೇವಾಳ’ವಾಗಲಿ ಕನ್ನಡದ ‘ಪಾಚಿ’, ‘ಹಾವಸೆ’ಗಳಾಗಲಿ ನೀರಿನ ಶೈವಲವನ್ನೂ ಬಂಡೆ-ತೊಗಟೆಗಳ ಮೇಲಿನ ಪುಟ್ಟ ಎಲೆಸಸ್ಯವನ್ನೂ ಬಳಕೆಯಲ್ಲಿ ಬೇರ್ಪಡಿಸುವುದಿಲ್ಲ. ಇಲ್ಲಿ ಹಾವಸೆಯೆಂದರೆ ಈ ಎಲೆಸಸ್ಯವೆಂದೇ ಗ್ರಹಿಸಬೇಕು.

ಅಹಮದಾಬಾದಿನ ದಕ್ಷಿಣಕ್ಕೆ ಹಬ್ಬಿರುವ ಭಾಲ್ ಬಯಲು, 1976ರಲ್ಲಿ ರಾಷ್ಟ್ರೀಯ ಉದ್ಯಾನವಾದ ವೇಳಾವದರದ ಹುಲ್ಲುಗಾವಲು ಲೋಂಕಡಿಗೆ ಒಪ್ಪುವ ನೆಲ. ಅದು ದಟ್ಟಕಾಡನ್ನು ಸೇರದು. ಬಯಲಿನಲ್ಲಿ ಹಲವು ಬಾಯಿಗಳ ಬಿಲ ತೋಡಿ, ಇಲಿ, ಕೀಟ, ಬೋರೆಹಣ್ಣುಗಳಿಂದ ಜೀವಿಸುತ್ತದೆ. ಜಾಗತಿಕ ಕೆಂಪುಪಟ್ಟಿಯಲ್ಲಿ ಅದಿನ್ನೂ ಕನಿಷ್ಠ ಆತಂಕದ ವರ್ಗದಲ್ಲಿದೆ. ಆದರೂ ಅದರ ಹುಲ್ಲುಗಾವಲು ಕಡತಗಳಲ್ಲಿ ‘ಪಾಳುಭೂಮಿ’ ಎನಿಸಿದೊಡನೆ ನೇಗಿಲಿಗೂ ಕಾರ್ಖಾನೆಗೂ ದಾರಿ ಸುಗಮವಾಗುತ್ತದೆ.

ಹಾವಸೆಯ ನೆಲೆ ಇದಕ್ಕೆ ವಿರುದ್ಧವಾದುದು. ಅದನ್ನು ವಡೋದರಾ ಸಮೀಪದ ಪಾವಾಗಢದ ಬಂಡೆಗಳಲ್ಲಿ, ಸೂರತ್ತಿನ ಆಗ್ನೇಯಕ್ಕಿರುವ ಡಾಂಗ್ ಕಾಡಿನ ತೊಗಟೆಗಳಲ್ಲಿ ಮಳೆಗಾಲದಲ್ಲಿ ಅರಸಬೇಕು. ಅದಕ್ಕೆ ನಿಜವಾದ ಬೇರಿಲ್ಲ. ನೀರನ್ನು ಎಲೆಗಳಿಂದಲೇ ಹೀರುತ್ತದೆ. ಗಂಡುಕಣವು ಅಂಡವನ್ನು ತಲುಪಲು ನೀರಿನ ತೆಳುಪೊರೆಯಲ್ಲಿ ಈಜಲೇಬೇಕು. ಗೋಡೆಯ ಕೆಲವು ಪ್ರಭೇದಗಳು ಒಣಗಿಯೂ ಮರುಮಳೆಗೆ ಹಸುರಾಗುತ್ತವೆ. ತೊಗಟೆಯನ್ನೇ ನಂಬಿದವು ಮರ ಉರುಳಿದರೆ ಅದರೊಂದಿಗೇ ಅಳಿಯುತ್ತವೆ. ಬಿಲ ಕೆಟ್ಟ ನರಿ ಮತ್ತೊಂದು ಬಯಲನ್ನು ಅರಸೀತು. ಹಾವಸೆಯ ಬೀಜಕಗಳನ್ನು ಗಾಳಿ ಒಯ್ದರೂ ನೆರಳು-ತೇವಗಳನ್ನು ಒಯ್ಯಲಾರದು.

ಕಾನೂನಿನಲ್ಲಿಯೂ ಈ ಅಂತರ ಕಾಣುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಅನುಸೂಚಿಯಲ್ಲಿ ಕೆಂಪುನರಿಗೆ ಸ್ಥಾನವುಂಟು. ಆ ಕಾಯಿದೆಗೆ 1991ರ ತಿದ್ದುಪಡಿಯಲ್ಲಿ ಸೇರಿದ ಆರು ಬಗೆಯ ಸಸ್ಯಗಳಲ್ಲಿ ಹಾವಸೆ ಒಂದೂ ಇರಲಿಲ್ಲ. ಹಾವಸೆ ವರ್ಗದ ಸಸ್ಯಗಳಿಗೆಂದೇ ಅಂತಾರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ ಕ್ರಿಯಾಯೋಜನೆ ಪ್ರಕಟವಾದುದು 2000ದಲ್ಲಿ.

ಹೀಗೆ, ನರಿಗೆ ಹೆಸರಿದೆ, ಕಥೆಯಿದೆ. ಕೆಟ್ಟ ಹೆಸರು ಬಂದುದು ಅದರ ನೆಲಕ್ಕೆ. ಹಾವಸೆಗೆ ತನ್ನದೇ ಹೆಸರೂ ಸರಿಯಾಗಿ ದಕ್ಕಿಲ್ಲ. ಹೆಸರಿಲ್ಲದುದು ಎಣಿಕೆಗೆ ಸಿಕ್ಕದು. ಎಣಿಕೆಗೆ ಸಿಕ್ಕದುದರ ಅಳಿವು ಅರಿವಿಗೂ ಬಾರದು. ಆದ್ದರಿಂದ ಈ ಮೂರು ನಗರಗಳಲ್ಲಿರುವ ಕನ್ನಡ ಸಂಶೋಧಕರು ಸಸ್ಯಶಾಸ್ತ್ರಜ್ಞರೊಡಗೂಡಿ, ಡಾಂಗಿನ ಭಿಲಿ, ಕುಕಣಾ ಭಾಷಿಕರು ಕಲ್ಲಿನ, ತೊಗಟೆಯ, ನೀರಿನ ಹಸುರುಗಳನ್ನು ಏನೆಂದು ಕರೆಯುವರೆಂಬುದನ್ನು ಸ್ಥಳ-ಋತುಗಳ ಸಹಿತ ದಾಖಲಿಸುವುದು ಉಚಿತವೆಂದು ಭಾವಿಸುತ್ತೇವೆ. ನಮ್ಮ ನಿಘಂಟುಗಳಲ್ಲಿ ಶೈವಲ ಮತ್ತು ಹಾವಸೆಗಳನ್ನು ಬೇರ್ಪಡಿಸುವ ಕಾರ್ಯಕ್ಕೂ ಅದು ನೆರವಾದೀತು.