ತೇಜೇ ಗುಡ್ಡದ ಪಾತ್ರೆ ತೊಳೆಯುವವರು

ಮಧ್ಯಾಹ್ನದ ಊಟ ಮುಗಿಯುತ್ತಿದ್ದಂತೆ ದೊಡ್ಡ ದೊಡ್ಡ ತೊಟ್ಟಿಗಳಿಗೆ ಬಿಸಿನೀರು ಬೀಳುತ್ತದೆ. ಹಬೆ ಏಳುತ್ತದೆ, ನೊರೆ ಉಕ್ಕುತ್ತದೆ. ಒಂದು ತೊಟ್ಟಿಯಲ್ಲಿ ಉಜ್ಜುವವರು, ಮುಂದಿನದರಲ್ಲಿ ಜಾಲಿಸುವವರು, ಅದರಾಚೆ ಬಟ್ಟೆ ಹಿಡಿದು ಒರೆಸುವವರು. ತಟ್ಟೆ, ಬಟ್ಟಲುಗಳೆಲ್ಲ ಪ್ಲಾಸ್ಟಿಕ್ಕಿನವು; ಜೊತೆಗೊಂದು ಚಮಚ. ಚಾಕು, ಫೋರ್ಕುಗಳ ಗೊಡವೆ ಇಲ್ಲಿಲ್ಲ. ಬೇಳೆಯಾದರೂ ಅನ್ನವಾದರೂ ಚಮಚದಲ್ಲೇ ಮುಗಿಯಬೇಕು. ಪೋರ್ಚುಗಲ್‌ನ ತಂಡವೊಂದು ತೊಟ್ಟಿಯ ಅಂಚಿಗೆ ಸೌಟು ಬಡಿದು ತಾಳ ಹಾಕುತ್ತ ಹಾಡುತ್ತದೆ. ಹಾಡು ದೇವರದ್ದಲ್ಲ, ರೇಡಿಯೋದ್ದು. ಪೋಲೆಂಡಿನ ಹುಡುಗಿಯರಿಗೆ ಅದರ ಒಂದು ಪದವೂ ತಿಳಿಯದು, ಆದರೂ ಪಲ್ಲವಿ ಬಂದಾಗ ಎಲ್ಲರಿಗಿಂತ ಜೋರು ದನಿ ಅವರದೇ. ತಳ ಹಿಡಿದ ಹಂಡೆಯೊಳಗೆ ಭುಜದವರೆಗೂ ತೋಳಿಳಿಸಿದ ಜರ್ಮನ್ ಹುಡುಗನೊಬ್ಬ ಒಳಗಿನಿಂದಲೇ ದನಿಗೂಡಿಸುತ್ತಾನೆ. ನಮ್ಮ ಕಡೆಯ ಮದುವೆ ಮನೆಯ ಹಿತ್ತಲು ಕಂಡವರಿಗೆ ಈ ಗದ್ದಲ ಹೊಸದೆನಿಸದು.

ಇದು ಫ್ರಾನ್ಸ್ ದೇಶದ ಬರ್ಗಂಡಿ ಸೀಮೆ. ಒಂದು ಕಾಲಕ್ಕೆ ಯುರೋಪಿನ ಮಠಗಳಿಗೆಲ್ಲ ದೊಡ್ಡಣ್ಣನಂತಿದ್ದ ಕ್ಲೂನಿಯಿಂದ ಸುಮಾರು ಹತ್ತು ಕಿಲೋಮೀಟರ್ ಉತ್ತರಕ್ಕೆ, ದನ ಮೇಯುವ ಇಳಿಜಾರುಗಳ ನಡುವಿನ ಪುಟ್ಟ ಹಳ್ಳಿ ತೇಜೇ. ಕಲ್ಲುಗೋಡೆಯ ಕೆಲವು ಮನೆಗಳು, 12ನೇ ಶತಮಾನದ ಸಣ್ಣದೊಂದು ಇಗರ್ಜಿ. ಊರೆಂದರೆ ಅಷ್ಟೇ. ಆದರೆ ಇಲ್ಲೊಂದು ಮಠವಿದೆ; ಬೇಸಗೆಯಲ್ಲಿ ಭಾನುವಾರ ಬಂತೆಂದರೆ ಅಲ್ಲಿನ ಪ್ರಾರ್ಥನೆಗೆಂದು ಮಾಕೋನ್ ಕಡೆಯಿಂದಲೂ ಶಾಲೋನ್ ಕಡೆಯಿಂದಲೂ ಬಸ್ಸುಗಳು ಏರಿ ಬರುತ್ತವೆ. ಬೆನ್ನಿಗೆ ಚೀಲ, ಚೀಲದ ಮೇಲೊಂದು ಸುರುಳಿ ಹಾಸಿಗೆ ಕಟ್ಟಿಕೊಂಡ ಹುಡುಗ ಹುಡುಗಿಯರು ಸಾವಿರಗಟ್ಟಲೆ ಇಳಿಯುತ್ತಾರೆ. ಒಂದು ವಾರ ಇದ್ದು ಮುಂದಿನ ಭಾನುವಾರ ಹೊರಡುತ್ತಾರೆ.

ಇಷ್ಟು ಜನಕ್ಕೆ ಬಡಿಸುವವರು ಯಾರು, ಬಳಿಯುವವರು ಯಾರು? ಬಂದವರೇ. ಬಸ್ಸಿಳಿದವರು ಮೊದಲು ಕಾಸಾ ಎಂಬ ಸ್ವಾಗತದ ಮನೆಗೆ ಹೋಗಬೇಕು. ಮಲಗುವ ಜಾಗದ ಜೊತೆಗೆ ಕೆಲಸವೂ ಗೊತ್ತಾಗುತ್ತದೆ: ಬಡಿಸುವುದು, ಪಾತ್ರೆ, ಕಸ, ಟಾಯ್ಲೆಟ್ಟು, ಇಗರ್ಜಿಯ ಬಾಗಿಲಲ್ಲಿ ನಿಲ್ಲುವುದು. ಟಾಯ್ಲೆಟ್ ಎಂದಾಗ ಮುಖ ಸಿಂಡರಿಸುವವರು ಇಲ್ಲಿಯೂ ಇದ್ದಾರೆ. ಕೆಲಸ ಹೇಳಿಕೊಡುವವರು ಅವರಿಗಿಂತ ತುಸು ಮೊದಲು ಬಂದ ಯುವಕ ಯುವತಿಯರು. ಹೆಚ್ಚಿನವರು ಇಪ್ಪತ್ತರ ಆಸುಪಾಸಿನವರು. ಕೆಲವರು ಕೆಲವು ವಾರ, ಕೆಲವರು ವರ್ಷದವರೆಗೂ ಇಲ್ಲೇ ಉಳಿದು ದುಡಿಯುತ್ತಾರೆ. ಸಂಬಳವಿಲ್ಲ, ಊಟ, ಹಾಸಿಗೆ ಇವೆ. ಹುಡುಗರಿಗೊಂದು ಕಡೆ, ಹುಡುಗಿಯರಿಗೊಂದು ಕಡೆ ವಾಸ. ಹುಡುಗರ ಕಷ್ಟಸುಖ ಕೇಳಲು ಮಠದ ಒಬ್ಬ ಬ್ರದರ್, ಎಂದರೆ ಸನ್ಯಾಸಿ, ಇರುತ್ತಾರೆ, ಹುಡುಗಿಯರದ್ದನ್ನು ಕೇಳಲು ಪಕ್ಕದ ಅಮ್ಯೂನ್ಯಿ ಹಳ್ಳಿಯ ಸೇಂಟ್ ಆಂಡ್ರ್ಯೂ ಸಿಸ್ಟರುಗಳು. ಕೆಲಸ ಹೇಗೆ ಸಾಗಿದೆ ಎನ್ನುವುದಕ್ಕಿಂತ, ನಿನ್ನೊಳಗೆ ಏನು ನಡೆದಿದೆ ಎಂಬುದರ ಮೇಲೇ ಆ ಮಾತುಕತೆ.

ಬ್ರದರ್‌ಗಳು ಮೂವತ್ತರಷ್ಟು ದೇಶಗಳವರು. ಕ್ಯಾಥೊಲಿಕರೂ ಪ್ರಾಟೆಸ್ಟಂಟರೂ ಒಂದೇ ಸೂರಿನಡಿ. ತಮಗಾಗಿ ಅವರು ದೇಣಿಗೆ ತೆಗೆದುಕೊಳ್ಳುವುದಿಲ್ಲ. ಮನೆಯಿಂದ ಪಾಲು ಬಂದರೆ ಅದನ್ನೂ ಇಟ್ಟುಕೊಳ್ಳದೆ ಬಡವರಿಗೆ ದಾಟಿಸುತ್ತಾರೆ. ಮಣ್ಣಿನ ಬಟ್ಟಲು, ಹೂಜಿ ಮಾಡಿ ಮಾರುತ್ತಾರೆ, ಪುಸ್ತಕ ಬರೆಯುತ್ತಾರೆ. ಅವರ ಅನ್ನ ಅದರಿಂದ. ಬಂದವರ ಊಟ ವಸತಿಯ ಖರ್ಚು ಅವರವರೇ ಕೊಡುವ ಸಣ್ಣ ಮೊತ್ತದಿಂದ. ಕೂಲಿಯವರನ್ನು ಇಟ್ಟುಕೊಂಡರೆ ಈ ಲೆಕ್ಕ ಒಂದು ಬೇಸಗೆಯೂ ತಡೆಯದು. ಸೇವೆಯ ಹಿಂದೆ ಭಕ್ತಿ ಎಷ್ಟಿದೆಯೋ ಅಷ್ಟೇ ಹಣಕಾಸಿನ ಅಗತ್ಯವೂ ಇದೆ. ಅದನ್ನು ಮರೆಮಾಚಿ ಬರೆಯುವುದು ನನಗೆ ಸರಿ ಕಾಣದು.

ಕಥೆ ಶುರುವಾದದ್ದು 1940ರ ಆಗಸ್ಟಿನಲ್ಲಿ. ರೋಜರ್ ಶುಟ್ಸ್ ಎಂಬ ಇಪ್ಪತ್ತೈದರ ಸ್ವಿಸ್ ತರುಣ ಜಿನೀವಾದಿಂದ ಸೈಕಲ್ ತುಳಿದು ಈ ಕಡೆ ಬಂದು ಮನೆಯೊಂದನ್ನು ಕೊಂಡ. ಫ್ರಾನ್ಸನ್ನು ಯುದ್ಧ ಎರಡಾಗಿ ಸೀಳಿದ್ದ ಗೆರೆ ಹತ್ತಿರದಲ್ಲೇ ಇತ್ತು. ತಪ್ಪಿಸಿಕೊಂಡು ಬಂದ ಯಹೂದಿಗಳೂ ಸೇರಿದಂತೆ ನಿರಾಶ್ರಿತರನ್ನು ಅವನೂ ಅಕ್ಕ ಜೆನವಿಯೆವ್ ಕೂಡ ಮನೆಯಲ್ಲಿ ಅಡಗಿಸಿಟ್ಟರು. 1942ರಲ್ಲಿ ಸುದ್ದಿ ಸೋರಿ ಓಡಬೇಕಾಯಿತು. ಯುದ್ಧ ಮುಗಿಯುತ್ತ ಬಂದಾಗ ಮರಳಿದವನ ಮನೆಯ ಭಾನುವಾರದ ಅತಿಥಿಗಳು ಹತ್ತಿರದ ಶಿಬಿರದಲ್ಲಿದ್ದ ಜರ್ಮನ್ ಯುದ್ಧಕೈದಿಗಳು. ನಿನ್ನೆಯವರೆಗೂ ಯಾರಿಗೆ ಹೆದರಿ ಜನ ಇಲ್ಲಿ ಅಡಗಿದ್ದರೋ ಅವರಿಗೇ ಊಟ! ಹಳ್ಳಿಯವರಲ್ಲಿ ಎಷ್ಟು ಜನಕ್ಕೆ ಇದು ಗಂಟಲಲ್ಲಿ ಇಳಿದೀತು? ಜೆನವಿಯೆವ್ ಯುದ್ಧದಲ್ಲಿ ಅನಾಥರಾದ ಹುಡುಗರನ್ನು ಒಟ್ಟುಮಾಡಿ ಸಾಕಿದಳು. ಈ ಗುಡ್ಡದ ಮೊದಲ ಸ್ವಯಂಸೇವಕಿ ಯಾರೆಂದು ಕೇಳಿದರೆ ನಾನು ಅವಳ ಹೆಸರು ಹೇಳುತ್ತೇನೆ. 1949ರ ಈಸ್ಟರಿನಲ್ಲಿ ರೋಜರ್ ಸೇರಿ ಮಠದ ಮೊದಲ ಏಳು ಮಂದಿ ಬ್ರದರ್‌ಗಳು ಜೀವನಪೂರ್ತಿಯ ವ್ರತ ತೊಟ್ಟರು.

ಹಳ್ಳಿಯ ಇಗರ್ಜಿ ಸಾಲದಾದಾಗ ಗುಡ್ಡದ ಮೇಲೆ ದೊಡ್ಡದೊಂದನ್ನು ಕಟ್ಟಲು ಬಂದವರು ಜರ್ಮನಿಯ ತರುಣರು. ನಾಝಿಗಳು ಮಾಡಿದ್ದಕ್ಕೆ ಪ್ರಾಯಶ್ಚಿತ್ತವಾಗಿ ಯುರೋಪಿನ ಗಾಯಗೊಂಡ ಊರುಗಳಲ್ಲಿ ದುಡಿಯಬೇಕೆಂದು ಹೊರಟ ಸಂಘಟನೆ ಅವರದ್ದು. ಕಾಂಕ್ರೀಟಿನ ಆ ‘ಸಮಾಧಾನದ ಇಗರ್ಜಿ’ 1962ರ ಆಗಸ್ಟಿನಲ್ಲಿ ತೆರೆಯಿತು. ಕೆಲವೇ ವರ್ಷಗಳಲ್ಲಿ ಅದೂ ಸಾಲಲಿಲ್ಲ. 1971ರ ಈಸ್ಟರಿಗೆ ಬರುವವರ ಸಂಖ್ಯೆ ನೋಡಿ ಮುಂದಿನ ಗೋಡೆಯನ್ನೇ ಕೆಡವಿ ಡೇರೆ ಕಟ್ಟಿದರು. ಕಟ್ಟಿದ ದೇವರ ಮನೆಯ ಗೋಡೆಯನ್ನು ಜನಕ್ಕಾಗಿ ಒಡೆಯುವ ಧೈರ್ಯ ಎಲ್ಲ ಮಠಗಳಿಗೂ ಬರುವುದಿಲ್ಲ.

ಎಂಟೂಕಾಲು, ಹನ್ನೆರಡೂ ಇಪ್ಪತ್ತು, ರಾತ್ರಿ ಎಂಟೂವರೆ: ದಿನಕ್ಕೆ ಮೂರು ಸಲ ಗಂಟೆ. ಗಂಟೆ ಬಡಿದರೆ ಪೊರಕೆ ಗೋಡೆಗೆ ಒರಗುತ್ತದೆ, ಹಂಡೆ ಅರ್ಧಕ್ಕೇ ನಿಲ್ಲುತ್ತದೆ. ಇಗರ್ಜಿಯ ಬಾಗಿಲಲ್ಲಿ ‘ಮೌನ’ ಎಂದು ಹಲವು ಭಾಷೆಗಳಲ್ಲಿ ಬರೆದ ಫಲಕ ಹಿಡಿದು ನಿಂತವರೂ ಸ್ವಯಂಸೇವಕರೇ, ಹಾಡಿನ ಪುಸ್ತಕ ಹಂಚುವವರೂ ಅವರೇ. ಒಳಗೆ ಬೆಂಚು ಕುರ್ಚಿಗಳ ಸಾಲಿಲ್ಲ. ಎಲ್ಲರೂ ನೆಲದ ಮೇಲೆ. ಎದುರಿಗೆ ಕಿತ್ತಳೆ ಬಣ್ಣದ ಬಟ್ಟೆಯ ಹಾಯಿಗಳು, ಕೆಳಗೆ ಸಾಲು ಸಾಲು ಹಣತೆಯಂಥ ದೀಪಗಳು, ನಡುವೆ ಬಿಳಿ ನಿಲುವಂಗಿಯ ಬ್ರದರ್‌ಗಳು. ಗೋಡೆಯ ಮೇಲೆ ಕೆಂಪು ಅಂಕಿಯಲ್ಲಿ ಹಾಡಿನ ಸಂಖ್ಯೆ ಮೂಡುತ್ತದೆ. ಸಾಲುಗಳು ಚಿಕ್ಕವು, ಲ್ಯಾಟಿನ್ ಇರಬಹುದು, ಸ್ಪ್ಯಾನಿಷ್ ಇರಬಹುದು. ತಿರುಗಿ ತಿರುಗಿ ಅದನ್ನೇ ಹಾಡುತ್ತಾರೆ. ಇವುಗಳಲ್ಲಿ ಬಹಳಷ್ಟಕ್ಕೆ ರಾಗ ಹಾಕಿದವರು ಪ್ಯಾರಿಸಿನ ಆರ್ಗನ್ ವಾದಕ ಜಾಕ್ ಬೆರ್ತಿಯೆ. ನಡುವೆ ಎಂಟು ಹತ್ತು ನಿಮಿಷ ಯಾರೂ ಉಸಿರೆತ್ತುವುದಿಲ್ಲ. ಬೋಧನೆ ಇಲ್ಲ, ಪ್ರವಚನ ಇಲ್ಲ. ಬಿಸಿನೀರಿನಲ್ಲಿ ನೆನೆದ ಬೆರಳುಗಳನ್ನು ಮಡಿಲಲ್ಲಿಟ್ಟು ತೂಕಡಿಸುವವರನ್ನು ಯಾರೂ ಎಬ್ಬಿಸುವುದಿಲ್ಲ.

ಇದೇ ಇಗರ್ಜಿಯಲ್ಲಿ 2005ರ ಆಗಸ್ಟ್ 16ರ ಸಂಜೆ, ಪ್ರಾರ್ಥನೆಯ ನಡುವೆ, ತೊಂಬತ್ತು ವರ್ಷದ ಬ್ರದರ್ ರೋಜರ್ ಅವರನ್ನು ಮಾನಸಿಕ ಅಸ್ವಸ್ಥೆಯೊಬ್ಬಳು ಇರಿದು ಕೊಂದಳು. ಅವರ ಸಮಾಧಿ ಹಳ್ಳಿಯ ಇಗರ್ಜಿಯ ಪಕ್ಕದಲ್ಲಿದೆ. ಅವರ ನಂತರ ಹೊಣೆ ಹೊತ್ತ ಬ್ರದರ್ ಅಲೊಯ್ಸ್ 2019ರಲ್ಲಿ ಇನ್ನೊಂದು ಕಹಿಯನ್ನು ಬಾಯಿಬಿಟ್ಟು ಹೇಳಿದರು: ಹಿಂದಿನ ದಶಕಗಳಲ್ಲಿ ಕೆಲವು ಬ್ರದರ್‌ಗಳಿಂದ ಲೈಂಗಿಕ ದೌರ್ಜನ್ಯ ನಡೆದಿತ್ತು. ನಂಬಿಕೆಯ ಮೇಲೆಯೇ ನಿಂತ ಜಾಗಕ್ಕೆ ಇದಕ್ಕಿಂತ ದೊಡ್ಡ ಪೆಟ್ಟಿಲ್ಲ. ಏನಾದರೂ ತೊಂದರೆಯಾದರೆ ಯಾರಿಗೆ ಹೇಳಬೇಕೆಂದು ಈಗ ಬಂದವರಿಗೆ ತಿಳಿಸುತ್ತಾರೆ. 2023ರ ಡಿಸೆಂಬರಿನಿಂದ ಮಠದ ಮುಂದಾಳು ಇಂಗ್ಲೆಂಡ್ ಮೂಲದ ಬ್ರದರ್ ಮ್ಯಾಥ್ಯೂ.

ರಾತ್ರಿ ಪ್ರಾರ್ಥನೆ ಮುಗಿದರೆ ಜನ ಸೇರುವುದು ಅಲ್ಲಿನ ತಿಂಡಿ ಅಂಗಡಿ ಓಯಾಕ್‌ನಲ್ಲಿ. ಚಹಾ, ತಿಂಡಿ, ಮಿತಿಯಲ್ಲಿ ಬಿಯರು, ಗಿಟಾರು, ಕುಣಿತ. ಅರ್ಧ ಗಂಟೆ ಮುಂಚೆ ಕಣ್ಣುಮುಚ್ಚಿ ಕೂತಿದ್ದವರು ಇವರೇನಾ ಎನಿಸಬೇಕು. ಹೊತ್ತು ಮೀರುತ್ತಲೇ ರಾತ್ರಿ ಕಾವಲಿನ ತಂಡ ಟಾರ್ಚು ಹಿಡಿದು ಟೆಂಟುಗಳ ನಡುವೆ ಸುತ್ತುತ್ತದೆ. ತಮ್ಮದೇ ವಯಸ್ಸಿನವರಿಗೆ ‘ಸಾಕು, ಮಲಗಿ’ ಎಂದು ಹೇಳಿ, ಬೈಸಿಕೊಳ್ಳದೆ ಬರುವುದೂ ಒಂದು ವಿದ್ಯೆ.

ಬೇಸಗೆಯ ಸೇವೆಯಾದರೂ ಸುಲಭ, ಗದ್ದಲವೇ ಕೆಲಸ ಮಾಡಿಸುತ್ತದೆ. ಕಷ್ಟದ್ದು ನವೆಂಬರ್. ಬಸ್ಸುಗಳು ವಿರಳ, ಮಂಜು, ಕೆಸರು, ಐದರ ಹೊತ್ತಿಗೇ ಕವಿಯುವ ಕತ್ತಲೆ. ಕೂಡಿ ಹಾಡುತ್ತಿದ್ದವರೆಲ್ಲ ಕಾಲೇಜಿಗೆ ಮರಳಿರುತ್ತಾರೆ. ಉಳಿದವರ ಕೈಯಲ್ಲಿ ಅದೇ ಪೊರಕೆ, ಎದುರಿಗೆ ಅವವೇ ಮುಖಗಳು. ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕದಿಂದ ಬಂದವರಿಗಂತೂ ಚಳಿಯ ಜೊತೆ ಮನೆಯ ನೆನಪು. ಒಂದೇ ಕೋಣೆಯಲ್ಲಿ ಮಲಗುವವರ ನಡುವೆ ಕಿಟಕಿ ತೆರೆಯುವ ವಿಷಯಕ್ಕೆ ಮನಸ್ತಾಪ ಹುಟ್ಟುವ ಕಾಲವೂ ಇದೇ. ದೇಶ ದೇಶಗಳ ಸಮಾಧಾನವೆಂಬುದು ಇಷ್ಟು ಸಣ್ಣ ಕಿಟಕಿಯಿಂದ ಶುರುವಾಗಬೇಕು.

ಇಷ್ಟು ದುಡಿದವರಿಗೆ ಕೊನೆಗೆ ಸದಸ್ಯತ್ವದ ಚೀಟಿಯೇನೂ ಸಿಗುವುದಿಲ್ಲ. ತಮ್ಮ ಸುತ್ತ ಒಂದು ಚಳವಳಿ ಕಟ್ಟುವುದು ರೋಜರ್ ಅವರಿಗೆ ಬೇಡವಾಗಿತ್ತು. ನಿಮ್ಮ ನಿಮ್ಮ ಊರಿಗೆ, ನಿಮ್ಮ ನಿಮ್ಮ ಇಗರ್ಜಿಗೇ ಹಿಂತಿರುಗಿ ಎನ್ನುತ್ತಿದ್ದರು. ಬದಲಿಗೆ ಗುಡ್ಡವೇ ಊರುಗಳ ಕಡೆ ಹೊರಡುತ್ತದೆ. 1985ರ ಕೊನೆಯಲ್ಲಿ ಮದರಾಸಿನಲ್ಲಿ ಖಂಡಾಂತರ ಕೂಟವೊಂದು ನಡೆದಿತ್ತು. ಯುರೋಪಿನಲ್ಲಂತೂ 1978ರಲ್ಲಿ ಪ್ಯಾರಿಸಿನಲ್ಲಿ ಶುರುವಾದ ವರ್ಷಾಂತ್ಯದ ಕೂಟ ಒಂದೊಂದು ವರ್ಷ ಒಂದೊಂದು ನಗರಕ್ಕೆ ಹೋಗುತ್ತದೆ. ಅದಕ್ಕಾಗಿ ಕೆಲವು ಬ್ರದರ್‌ಗಳೂ ಸಿಸ್ಟರುಗಳೂ ಸ್ವಯಂಸೇವಕರೂ ತಿಂಗಳುಗಳ ಮುಂಚೆಯೇ ಆ ನಗರದಲ್ಲಿ ಬಿಡಾರ ಹೂಡುತ್ತಾರೆ. ಬರುವ ಸಾವಿರಾರು ಅತಿಥಿಗಳಿಗೆ ಹೋಟೆಲಿಲ್ಲ, ಊರವರ ಮನೆಗಳಲ್ಲೇ ಜಾಗ ಹುಡುಕಬೇಕು. ಇಗರ್ಜಿಯಿಂದ ಇಗರ್ಜಿಗೆ ಹೋಗಿ, ಗುರುತು ಪರಿಚಯ ಇಲ್ಲದವರ ಬಾಗಿಲು ತಟ್ಟಿ, ಒಬ್ಬರಿಗೆ ಎರಡು ಚದರ ಮೀಟರ್ ನೆಲ ಸಿಕ್ಕರೂ ಸಾಕು, ಮಂಚ ಬೇಡ ಎಂದು ಒಪ್ಪಿಸಬೇಕು. ಮನೆಯಾಕೆ ಒಪ್ಪಿದ ಮೇಲೂ ಒಂದು ಪ್ರಶ್ನೆ ಕೇಳುವವಳೇ: ಎಲ್ಲಾ ಸರಿ, ಬೆಳಿಗ್ಗೆ ತಿಂಡಿಗೆ ಆ ಮಕ್ಕಳಿಗೆ ಏನು ಕೊಡಲಿ?